ಓಟೊ ಕೇಳಿದ ಟೇಪು

ಎರ್ವಿನ್ ಲೋಟ್ಸ್‌ನಂಥ ಹಟಮಾರಿಯನ್ನು ನಾನು ಇಡೀ ನ್ಯೂಜೆರ್ಸಿಯಲ್ಲಿ ಕಂಡಿಲ್ಲ. ಹಗಲು ಹೈಸ್ಕೂಲಿನಲ್ಲಿ ಸಂಗೀತದ ಮೇಷ್ಟ್ರು. ಸಂಜೆಯಾದರೆ ನಾನು ಕೆಲಸಕ್ಕಿದ್ದ ವಿಶ್ವವಿದ್ಯಾಲಯದ ಕಂಪ್ಯೂಟರ್ ಕೋಣೆಗೆ ಬಂದು, ಯಂತ್ರ ಓದುವ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುತ್ತ ಕೂರುತ್ತಿದ್ದ. ಅರವತ್ತರ ದಶಕವದು. ಒಂದು ಸ್ವರಕ್ಕೆ ಒಂದು ಕಾರ್ಡು. ಎಷ್ಟು ಏರು, ಎಷ್ಟು ಹೊತ್ತು, ಎಷ್ಟು ಜೋರು, ಎಲ್ಲವೂ ಅಂಕಿ.

ಅವನಪ್ಪ ಓಟೊ ಜೀವಮಾನವಿಡೀ ಚರ್ಚುಗಳಿಗೆ ಆರ್ಗನ್ ಎಂಬ ದೊಡ್ಡ ಕೊಳವೆವಾದ್ಯ ಕಟ್ಟಿದವನು. "ಗಾಳಿ ಇಲ್ಲ, ಕೊಳವೆ ಇಲ್ಲ, ರಟ್ಟಿನ ಚೂರಲ್ಲಿ ಸಂಗೀತವಂತೆ! ಅದರ ಬದಲು ಇಸ್ಪೀಟಾದ್ರೂ ಆಡೋ," ಎಂದು ಮಗನನ್ನು ಛೇಡಿಸುತ್ತಿದ್ದ. ಆದರೆ ಮುದುಕನ ಕಿವಿ ಮಂದವಾಗುತ್ತ ಬಂದಿತ್ತು. ಪೂರ್ತಿ ಹೋಗುವ ಮೊದಲು ತನ್ನದೊಂದು ರಚನೆ ಅಪ್ಪನ ಕಿವಿಗೆ ಬೀಳಬೇಕು ಎನ್ನುವುದೊಂದೇ ಎರ್ವಿನ್‌ನ ಆಸೆ.

ನಮ್ಮ ಯಂತ್ರ ಲೆಕ್ಕ ಮಾಡುತ್ತಿತ್ತೇ ಹೊರತು ಹಾಡುತ್ತಿರಲಿಲ್ಲ. ಆ ಲೆಕ್ಕವನ್ನು ತುಂಬಿಸಿದ ಟೇಪನ್ನು ಕಾರಿನಲ್ಲಿ ಹಾಕಿಕೊಂಡು ದೂರದ ಪ್ರಯೋಗಾಲಯಕ್ಕೆ ಹೋಗಿ, ಅಲ್ಲಿಯ ಯಂತ್ರದಲ್ಲಿ ಓಡಿಸಿದರಷ್ಟೇ ಸದ್ದು. ಅಲ್ಲಿಯವರೆಗೆ ಏನು ಬರೆದಿದ್ದೇವೆಂದು ದೇವರಿಗೂ ಗೊತ್ತಾಗದು. ಮೊದಲ ಸಲ ಜೋರು ಹೆಚ್ಚಾಗಿ ಬರೀ ಅರಚಾಟ ಬಂತು. ಎರ್ವಿನ್ ಬಾಯಿ ಸುಟ್ಟ ಬೆಕ್ಕಿನಂತಾಗಿ ಜೋರಿನ ಅಂಕಿಗಳನ್ನೆಲ್ಲ ಇಳಿಸಿದ. ಮತ್ತೆ ನಮ್ಮ ಯಂತ್ರದ ಸರದಿಗೆ ಕಾದು, ಹೊಸ ಟೇಪಿನ ಜೊತೆ ಅಪ್ಪನನ್ನೂ ಕೂರಿಸಿಕೊಂಡು ಹೊರಟ. ನಾನೂ ಹೋದೆ.

ಓಟೊ ಭಾನುವಾರದ ಕೋಟು ತೊಟ್ಟು ಸ್ಪೀಕರಿನ ಮುಂದೆ ಕುಳಿತ. ಟೇಪು ತಿರುಗತೊಡಗಿತು. ಸದ್ದೇ ಇಲ್ಲ. ಎರ್ವಿನ್ ಬಿಳಿಚಿಕೊಂಡು ನನ್ನತ್ತ ಬಾಗಿದ.

"ಲೊರೇನ್, ದಶಮಾಂಶದ ಚುಕ್ಕಿ ಎಡಕ್ಕೆ ಜಾಸ್ತಿ ಸರಿಸ್ಬಿಟ್ಟೆ ಕಣೇ. ಜೋರು ಅನ್ನೋದೇ ಸೊನ್ನೆ ಆಗೋಗಿದೆ."

ಹಾಳು ಚುಕ್ಕಿ! ಅವನು ಯಂತ್ರ ನಿಲ್ಲಿಸಲು ಕೈ ಚಾಚಿದ. ಓಟೊ ಆ ಕೈಯನ್ನು ಹಿಡಿದುಕೊಂಡ.

"ಷ್! ಪೂರ್ತಿ ಕೇಳೋಕೆ ಬಿಡೋ."

ತಿರುಗುವ ಟೇಪಿನ ಮೇಲೇ ಕಣ್ಣಿಟ್ಟು ಮುದುಕ ಮೊಣಕಾಲ ಮೇಲೆ ತಾಳ ಹಾಕುತ್ತಿದ್ದ. ನಾವು ಮಾತಾಡುವಾಗ ಅವನು ಇಷ್ಟು ದಿನ ನಮ್ಮ ತುಟಿಗಳನ್ನು ಯಾಕೆ ದಿಟ್ಟಿಸುತ್ತಿದ್ದನೆಂದು ನನಗೆ ಆಗ ಹೊಳೆಯಿತು. ಏನು ಮಾಡಲಿ? ಅಳು ತಡೆಯಲಾಗಲಿಲ್ಲ.

ಟೇಪು ಮುಗಿಯಿತು. ಓಟೊ ಕರವಸ್ತ್ರದಿಂದ ಕಣ್ಣೊರೆಸಿಕೊಂಡ.

"ಚೆನ್ನಾಗಿದೆ ಮಗನೇ. ನಡುವೆ ಸ್ವಲ್ಪ ಅವಸರ ಮಾಡ್ದೆ, ನಿಮ್ಮಮ್ಮನ ಥರ. ಆದ್ರೂ ನೋಡು, ಲೊರೇನ್‌ಗೂ ಅಳು ಬಂದ್ಬಿಟ್ಟಿದೆ."

ಎರ್ವಿನ್ ಅಪ್ಪನಿಗೆ ಕಾಣುವಂತೆ ಮುಖ ತಿರುಗಿಸಿ, ನಿಧಾನವಾಗಿ ತುಟಿ ಆಡಿಸಿದ. "ಹೌದಪ್ಪ. ನಡುವೆ ಅವಸರ ಆಯ್ತು."