ಮೂರ್ಛೆಗೆ ಹಾಕಿದ ಬರೆ

೧೯೦೭ರಲ್ಲಿ ಚಳ್ಳಕೆರೆಯಿಂದ ಮೊಳಕಾಲ್ಮೂರಿನ ಸರ್ಕಾರಿ ಆಸ್ಪತ್ರೆಗೆ ನನಗೆ ವರ್ಗವಾಯಿತು. ನನ್ನ ಹುದ್ದೆ ಹಾಸ್ಪಿಟಲ್ ಅಸಿಸ್ಟೆಂಟ್, ಎಂದರೆ ಡಾಕ್ಟರಿಗಿಂತ ಒಂದು ಮೆಟ್ಟಿಲು ಕೆಳಗೆ. ಸುತ್ತಿನ ಹಳ್ಳಿಗಳಿಗೆ ಮಾತ್ರ ನಾನೇ ಡಾಕ್ಟರು, ನನ್ನ ಸಿಡುಕೇ ಅರ್ಧ ಔಷಧಿ.

ಆ ಬೇಸಿಗೆಯಲ್ಲಿ ದೇವಸಮುದ್ರದ ಕಡೆಯ ಕುರಿ ಸಾಕುವ ಬೋರಯ್ಯ, ತೀರಿಹೋದ ತಮ್ಮನ ಮಗಳು ಕೆಂಚಿಯನ್ನು ಕರೆತಂದ. ಒಂಬತ್ತು ವರ್ಷದ ಹುಡುಗಿ. ಬೆನ್ನಿನ ಗಾಯ ಕೀವಾಗಿತ್ತು.

“ಮೂರ್ಛೆ ಬರ್ತೈತೆ ಸ್ವಾಮಿ. ಬರೆ ಹಾಕ್ಸಿದ್ವಿ, ಮಾಯ್ತಿಲ್ಲ. ಬೇಗ ವಾಸಿ ಮಾಡ್ರಿ, ಮರಿ ಕಾಯೋರಿಲ್ಲ.”

ಕಾಯಿಲೆಗೆ ಕಾದ ಕಬ್ಬಿಣದಿಂದ ಸುಡಿಸುವುದು ನಮ್ಮ ಸೀಮೆಯ ಹಳೆಯ ರೂಢಿ. ಆದರೆ ಬರೆ ಹಾಕುವುದು ಒಂದೇ ಸಲ. ಇಲ್ಲಿ ಮಾಸಿದ ಬರೆಯ ಮೇಲೆ ಹಸಿ ಬರೆಯಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಹುಡುಗಿಯನ್ನು ಆಸ್ಪತ್ರೆಯಲ್ಲೇ ಉಳಿಸಿಕೊಂಡೆ. ವಾರವಾದರೂ ಮೂರ್ಛೆಯ ಸುಳಿವಿಲ್ಲ. ಅಡುಗೆಯವಳು ಒಲೆಯಿಂದ ಇಕ್ಕಳ ತೆಗೆದಾಗ ಮಾತ್ರ ಕೆಂಚಿ ಮಂಚದ ಕೆಳಗೆ ನುಗ್ಗಿ, “ಇನ್ನ ಮರಿ ಕಳ್ಕಣಲ್ಲ ದೊಡ್ಡಪ್ಪ!” ಎಂದು ಚೀರಿದಳು.

ಅಂದೇ ಪೊಲೀಸ್ ಠಾಣೆಗೆ ಹೋಗಿ ನನ್ನ ಹೆಸರಿನಲ್ಲೇ ದೂರು ಕೊಟ್ಟೆ. ದಫೇದಾರರು ಮೀಸೆ ತೀಡಿ, “ಮನೆ ವಿಷಯಕ್ಕೆ ನೀವ್ಯಾಕೆ ಕೈ ಹಾಕ್ತೀರಿ ಡಾಕ್ಟ್ರೇ? ಹುಡುಗಿ ಬಾಯಿಬಿಟ್ರೆ ನೋಡಾನ,” ಎಂದರು. ಆಸ್ಪತ್ರೆಗೆ ಬಂದು ಅವರು ಕೇಳಿದರೆ, ಈ ಹುಡುಗಿ ಗಿಣಿಪಾಠ ಒಪ್ಪಿಸಿಬಿಡಬೇಕೇ!

“ನಂಗೆ ಮೂರ್ಛೆ ಬರ್ತೈತೆ.”

“ಕೇಳಿದ್ರಾ?” ಎಂದು ದಫೇದಾರರು ಎದ್ದರು. ನನ್ನ ದೂರು ಅಲ್ಲಿಗೇ ಮುಗಿಯುವುದರಲ್ಲಿತ್ತು. ಕೆಂಚಿ ಮತ್ತೆ ಆ ಮನೆಗೇ ಹೋಗಬೇಕಿತ್ತು. ಸಿಟ್ಟು ನುಂಗಿಕೊಂಡು ಕೇಳಿದೆ, “ಮನೇಲಿ ಇನ್ಯಾರಿದಾರೆ ಕೆಂಚವ್ವ?”

ಆಗ ಅತ್ತಳು. “ನನ್ ತಂಗಿ ಅವ್ಳೆ. ನಾ ಹೇಳಿದ್ರೆ ಅವಳಿಗೆ ಹಾಕ್ತಾನೆ.”

ದಫೇದಾರರು ರುಮಾಲು ಸರಿಮಾಡಿಕೊಂಡು ಕುದುರೆ ಹತ್ತಿದರು. ಸಂಜೆ ಬೋರಯ್ಯನನ್ನು ಹಿಡಿದು ತಂದರು. ಅವರ ತೋಳಿನಲ್ಲಿ, ಕಂಬಳಿಯೊಳಗೆ, ಐದು ವರ್ಷದ ಮಗು. ಅಕ್ಕ ಇತ್ತ ಬಂದ ಮೇಲೆ ಮರಿ ಕಾಯುವ ಕೆಲಸ ಅವಳ ಪಾಲಿಗೆ ಬಿದ್ದಿತ್ತು. ಕಾಲಿನ ಮೇಲೆ ಎದ್ದಿದ್ದ ಬೊಬ್ಬೆ ಇನ್ನೂ ಒಡೆದಿರಲಿಲ್ಲ.

“ಥೂ, ಇವನ ಮನೆ ಹಾಳಾಗ!” ಎಂದ ದಫೇದಾರರು ಹೇಳಿಕೆ ಬರೆದುಕೊಳ್ಳಲು ಕೂತರು. ತಂಗಿಯನ್ನು ಮಡಿಲಿಗೆ ಎಳೆದುಕೊಂಡು ಕೆಂಚಿ ಎಲ್ಲವನ್ನೂ ಹೇಳಿದಳು.

ಬೋರಯ್ಯನಿಗೆ ಜೈಲಾಯಿತು. ಮಕ್ಕಳನ್ನು ಪರಶುರಾಂಪುರದಿಂದ ಬಂದ ಸೋದರಮಾವ ಕರೆದೊಯ್ದ. ಗಾಯ ಮಾಯಿತು, ಕಲೆ ಹೋಗುವಂಥದ್ದಲ್ಲ.

ನಿವೃತ್ತನಾಗುವವರೆಗೂ, ಸುಟ್ಟ ಗಾಯದ ಮಗು ಸುಳ್ಳು ಹೇಳಿದರೆ ನಾನು ಗದರಿಸಲಿಲ್ಲ. ಆ ಸುಳ್ಳಿನ ಮರೆಯಲ್ಲಿ ಇನ್ನೊಂದು ಮಗು ನಿಂತಿರಬಹುದು.