ಅಸಿಸ್ಟೆಂಟ್ ಸರ್ ಮತ್ತು ಅವರ ಬಿ ಟೀಮು

ನಮ್ಮ ಸರ್ ಅವರ ಮುಂದಿನ ಒಂದು ಹಲ್ಲು ಅರ್ಧಕ್ಕೆ ಮುರಿದಿತ್ತು. ಆಡುವ ಕಾಲದಲ್ಲಿ ಯಾರದೋ ಬೂಟು ತಗುಲಿ ಮುರಿದದ್ದು. ಎರಡು ಬೆರಳು ಬಾಯಿಗಿಟ್ಟು ಆ ಸಂದಿಯಿಂದ ಅವರು ಸಿಳ್ಳೆ ಹೊಡೆದರೆ ಹಾಸನದ ನಮ್ಮ ಮೈದಾನದಾಚೆ ಮೇಯುತ್ತಿದ್ದ ದನಗಳೂ ತಲೆ ಎತ್ತುತ್ತಿದ್ದವು. ನಮ್ಮ ಫುಟ್‌ಬಾಲ್ ಕ್ಲಬ್ಬಿನಲ್ಲಿ ಪೀಪಿ ಇದ್ದದ್ದು ದೊಡ್ಡ ಕೋಚ್ ಕೊರಳಲ್ಲಿ ಮಾತ್ರ. ನೀವೂ ಒಂದು ಇಟ್ಟುಕೊಳ್ಳಿ ಎಂದರೆ, "ಊದೋರು ಊದ್ಲಿ ಬುಡ್ಲಾ, ನನ್ ಬಾಯ್ಗೇನಾಗೈತೆ?" ಅನ್ನುತ್ತಿದ್ದರು.

ಇದು ತೊಂಬತ್ತರ ದಶಕದ ಕೊನೆಯ ಮಾತು. ನಾನು ಮಲ್ಲಿಪಟ್ಟಣದಲ್ಲಿ ಹೊಗೆಸೊಪ್ಪು ಬೆಳೆಯುವ ಮನೆಯಿಂದ ಹಾಸನದ ಕಾಲೇಜಿಗೆ ಬಂದು, ಓದುವುದಕ್ಕಿಂತ ಹೆಚ್ಚಾಗಿ ಒದೆಯುವುದನ್ನೇ ಕಲಿಯುತ್ತಿದ್ದೆ. ಅವರು ಅರಕಲಗೂಡಿನವರು. ಬೆಂಗಳೂರಿನ ಒಂದು ಕಾರ್ಖಾನೆಯ ತಂಡದಲ್ಲಿ ಆಡಿ, ಮಂಡಿ ಕೈಕೊಟ್ಟ ಮೇಲೆ ತರಬೇತುದಾರರ ಕೋರ್ಸು ಮುಗಿಸಿ, ನಮ್ಮ ಕ್ಲಬ್ಬಿಗೆ ಸಂಬಳದ ಅಸಿಸ್ಟೆಂಟ್ ಕೋಚ್ ಆಗಿ ಬಂದಿದ್ದರು. ಅಸಿಸ್ಟೆಂಟ್ ಅಂದರೆ ಬಾಲು ಹೊರುವವನು, ಸುಣ್ಣದಲ್ಲಿ ಗೆರೆ ಎಳೆಯುವವನು ಎಂದು ಜನ ತಿಳಿದಿದ್ದರು. ಕ್ಲಬ್ಬಿನ ಅಧ್ಯಕ್ಷರೂ ಹಾಗೇ ತಿಳಿದಿದ್ದರು ಅನ್ನಿ.

ನಿಜವಾಗಿ ಅವರ ಕೈಯಲ್ಲಿದ್ದದ್ದು ನಾವು, ಬಿ ಟೀಮು, ಮೊದಲ ಹನ್ನೊಂದರಲ್ಲಿ ಜಾಗ ಸಿಗದೆ ಉಳಿದವರು. ಬುಧವಾರಗಳಂದು ಎ ಟೀಮಿನ ಮೇಲೆ ಆಡಿ ಅವರಿಗೆ ಅಭ್ಯಾಸ ಕೊಡುವುದು ನಮ್ಮ ಕೆಲಸ. ಬೇರೆ ಕಡೆ ಇಂಥ ಆಟದಲ್ಲಿ ಬಿ ಟೀಮಿನವರು ಮೈ ಉಳಿಸಿಕೊಂಡು ಆಡುತ್ತಾರೆ, ಯಾರೂ ಏನೂ ಅನ್ನುವುದಿಲ್ಲ. ನಮ್ಮ ಸರ್ ನಮ್ಮನ್ನು ಬೇರೆ ಥರ ಸಾಕಿದ್ದರು. ಬೇಸಿಗೆಯಲ್ಲಿ ಹೊಳೆನರಸೀಪುರಕ್ಕೆ ಕರೆದೊಯ್ದು ಹೊಳೆಯ ಮರಳಿನಲ್ಲಿ ನಾಲಗೆ ಹೊರಬರುವಂತೆ ಓಡಿಸುವುದು, ಭಾನುವಾರ ಬಸ್ಸು ಹತ್ತಿಸಿ ಚನ್ನರಾಯಪಟ್ಟಣದ ಗಟ್ಟಿ ಹುಡುಗರ ಮೇಲೆ ಆಡಿಸುವುದು. "ಎ ಟೀಮ್ನ ಗೆಲ್ಸೋದು ದೊಡ್ಡ ಕೋಚ್ ಕೆಲ್ಸ. ಸೋಲ್ಸೋದು ನನ್ ಕೆಲ್ಸ. ಇಲ್ಲಿ ನಾವು ಬೆವರಿಳ್ಸಿದ್ರೆ ತಾನೇ ಅವ್ರು ಒರಗಡೆ ಗೆಲ್ಲೋದು?" ಯಾರಾದರೂ "ನಾನು ಬರೀ ಬಿ ಟೀಮು" ಅಂದುಬಿಟ್ಟರೆ ಕಿವಿ ಹಿಂಡುತ್ತಿದ್ದರು. "ಬರೀ ಅನ್ನೋ ಮಾತ್ ಯಾಕ್ಲಾ ಸೇರುಸ್ತೀಯಾ?"

ಆ ವರ್ಷ ದೊಡ್ಡ ಕೋಚ್ ಕೆಲಸ ಬಿಡುವವರಿದ್ದರು. ಮುಂದಿನ ದೊಡ್ಡ ಕೋಚ್ ಇವರೇ ಎಂದು ಅಧ್ಯಕ್ಷರು ಎಲ್ಲರೆದುರು ಹೇಳಿಯಾಗಿತ್ತು. ಸರ್‌ಗೆ ಆಸೆ ಇರಲಿಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ. ಬಹಳ ಇತ್ತು. ಆ ಜಾಗ ಸಿಕ್ಕಿದರೆ ಎ, ಬಿ ಎಂಬ ಖಾಯಂ ಹಣೆಪಟ್ಟಿ ಕಿತ್ತುಹಾಕುತ್ತೇನೆ ಅನ್ನುತ್ತಿದ್ದರು. "ಬುಧವಾರ ಗೆದ್ದೋರೇ ಆ ವಾರದ ಎ ಟೀಮು. ಅಷ್ಟೇಯ." ಅವರ ಹೆಂಡತಿ, ನಾವು ಅಕ್ಕ ಎನ್ನುತ್ತಿದ್ದವರು, ಬೀದಿಯವರಿಗೆಲ್ಲ ಸಿಹಿಸುದ್ದಿ ಹಂಚಿ ಆಗಿತ್ತು.

ಅಷ್ಟರಲ್ಲಿ ಬೆಂಗಳೂರಿನ ಒಂದು ದೊಡ್ಡ ಕ್ಲಬ್ಬಿನವರು ಆಟಗಾರರನ್ನು ಆರಿಸಿಕೊಳ್ಳಲೆಂದು ಎ ಟೀಮಿನ ಆಟ ನೋಡಲು ಬಂದರು. ಎ ಟೀಮಿನಲ್ಲಿ ಗೋಲು ಹೊಡೆಯುವವನು ಅಧ್ಯಕ್ಷರ ಸೋದರಳಿಯ. ಎದುರಾಳಿ ನಾವೇ. ನಾವು ಬೂಟಿನ ಲೇಸು ಕಟ್ಟುತ್ತಿದ್ದಾಗ ಅಧ್ಯಕ್ಷರು ಬಂದು ಸರ್ ಹೆಗಲ ಮೇಲೆ ಕೈಯಿಟ್ಟರು.

"ಇವತ್ತೊಂದಿನ ನಿಮ್ಮುಡುಗ್ರು ಸ್ವಲ್ಪ ಸಡ್ಲ ಆಡ್ಲಿ. ಮುಂದಿನ್ ವರ್ಷ ಎಲ್ಲಾ ನಿಮ್ದೇ ಅಲ್ವಾ?"

ಸರ್ ಆ ಕೈಯನ್ನು ಮೆಲ್ಲಗೆ ತೆಗೆದು, ಅಧ್ಯಕ್ಷರು ಅಲ್ಲೇ ನಿಂತಿರುವಾಗಲೇ ನಮ್ಮ ಕಡೆ ತಿರುಗಿದರು.

"ಕೇಳುಸ್ಕಂಡ್ರೇನ್ರಲಾ? ಅಧ್ಯಕ್ಷ್ರು ಸಡ್ಲ ಆಡಿ ಅಂತವ್ರೆ. ಯಾವನಾರ ಸಡ್ಲ ಆಡುದ್ರೆ ಅರಕಲಗೂಡ್ಗಂಟ ನಡುಸ್ಕಂಡೋಯ್ತೀನಿ. ಓಗಿ, ಆಡೋಗಿ!"

ಅಧ್ಯಕ್ಷರ ಸೋದರಳಿಯನನ್ನು ತಡೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಪಾಪ, ಒಳ್ಳೆಯ ಹುಡುಗ. ಆದರೆ ಅಂದು ಅವನಿಗೆ ಚೆಂಡಿನ ಮುಖ ಕಾಣಲು ನಾನು ಬಿಡಲಿಲ್ಲ. ನಾವು ಮೂರು ಗೋಲು ಹೊಡೆದೆವು, ಅವರು ಒಂದೂ ಹೊಡೆಯಲಿಲ್ಲ. ಮೂರನೆಯದಕ್ಕೆ ಸರ್ ಹೊಡೆದ ಸಿಳ್ಳೆ ಇವತ್ತಿಗೂ ನನ್ನ ಕಿವಿಯಲ್ಲಿದೆ.

ಆಟ ಮುಗಿದ ಮೇಲೆ ಅಧ್ಯಕ್ಷರು ಎಲ್ಲರೆದುರೇ ಕೂಗಾಡಿದರು. "ದೊಡ್ಡ ಕೋಚ್ ಮಾಡಣ ಅಂತಿದ್ದೆ. ಇನ್ನು ಸಾಯೋಗಂಟ ನೀವು ಅಸಿಸ್ಟೆಂಟೇ, ತಿಳ್ಕಳಿ!"

"ಆಗ್ಲಿ ಸಾ," ಅಂದರು ಸರ್. "ಆದ್ರೆ ಇವತ್ತು ಗೆದ್ದುದ್ದು ಅಸಿಸ್ಟೆಂಟೇ. ಅದ್ನೂ ತಿಳ್ಕಳಿ."

ನಾವು ಕೆಲವರು ತಲೆ ತಗ್ಗಿಸಿಕೊಂಡು ಅವರ ಜೊತೆ ಮನೆಗೆ ಹೋದೆವು. ಅಕ್ಕ ಬಾಗಿಲಿಗೊರಗಿ ನಿಂತು ಎಲ್ಲ ಕೇಳಿ, "ಮೂರು ಒಡುದ್ರಾ?" ಅಂದರು. ಹೌದೆಂದೆವು. "ಮತ್ತೆ ಇದ್ಯಾಕಿಂಗ್ ಮಕ ಆಕ್ಕಂಡಿದೀರಿ? ಕೈ ತೊಳ್ಕಳಿ" ಎಂದು ಮುದ್ದೆ ತಿರುವಲು ಹೋದರು.

ಬೆಂಗಳೂರಿನವರು ಆಟಗಾರರಲ್ಲಿ ಯಾರನ್ನೂ ಒಯ್ಯಲಿಲ್ಲ. ಸ್ವಲ್ಪ ದಿನದಲ್ಲೇ ನಮ್ಮ ಸರ್ ಅವರನ್ನು ಒಯ್ದರು, ಅಸಿಸ್ಟೆಂಟ್ ಆಗಿ. ಅಲ್ಲಿ ಎಷ್ಟೋ ವರ್ಷ ಇದ್ದರು. ಗೋವಾದಿಂದ, ಕಲ್ಕತ್ತೆಯಿಂದ, ಒಮ್ಮೆ ಹೊರದೇಶದಿಂದಲೂ ದೊಡ್ಡ ಕೋಚ್‌ಗಳು ಬಂದರು, ಸೋತರು, ಹೋದರು. ಇವರು ಬಿ ಟೀಮು ಹಿಡಿದುಕೊಂಡು ಅಲ್ಲೇ ಇದ್ದರು. ಊರಿಗೆ ಬಂದಾಗ ಯಾರಾದರೂ "ಇನ್ನೂ ಅಸಿಸ್ಟೆಂಟೇನಾ?" ಅಂದರೆ, "ಊಂ ಕಣಯ್ಯ. ನಿಂಗೇನ್ ತೊಂದ್ರೆ?" ಎಂದು ಎದೆ ಸೆಟೆಸಿ ಕೇಳುತ್ತಿದ್ದರು. ನಾನು ಈಗ ಅರಕಲಗೂಡಿನ ಒಂದು ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು. ನನ್ನ ಶಾಲೆಯಲ್ಲಿ ಬುಧವಾರ ಗೆದ್ದವರೇ ಆ ವಾರದ ಎ ಟೀಮು. ಸರ್‌ಗೆ ಮಾಡಲು ಬಿಡದಿದ್ದದ್ದನ್ನು ನಾನು ಮಾಡುತ್ತೇನೆ, ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ.

ಎರಡು ಸಾವಿರದ ದಶಕ ಮುಗಿಯುವ ಹೊತ್ತಿಗೆ, ರಜೆಗೆ ಊರಿಗೆ ಬಂದಿದ್ದ ಸರ್ ಎದೆನೋವು ಬಂದು ತೀರಿಕೊಂಡರು. ಅರಕಲಗೂಡಿನಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟುಕೊಂಡೆವು. ಹಾಸನದಿಂದ ಹಳೆಯ ಅಧ್ಯಕ್ಷರೂ ಬಂದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಸತ್ತವರಿಗೆ ಗೌರವ ಕೊಡೋಣವೆಂದೇ ಇರಬೇಕು, ಮೈಕು ಹಿಡಿದು "ನಮ್ಮ ಕ್ಲಬ್ಬಿನ ಮುಖ್ಯ ಕೋಚ್ ಆಗಿದ್ದ..." ಎಂದು ಶುರುಮಾಡಿದರು.

ಮುಂದಿನ ಸಾಲಿನಲ್ಲಿದ್ದ ಅಕ್ಕ ಎದ್ದು ನಿಂತರು.

"ಮುಖ್ಯ ಕೋಚ್ ಅಲ್ಲ ಸಾ. ಅಸಿಸ್ಟೆಂಟ್ ಕೋಚ್. ಸಾಯೋಗಂಟ ಅಸಿಸ್ಟೆಂಟೇ ಅಂತ ನೀವೇ ಅಂದಿದ್ರಲ್ಲ? ಸಾಯೋಗಂಟ ಅಂಗೇ ಇದ್ರು, ಯಾರ್ಗೂ ತಲೆ ಬಗ್ಗುಸ್ಲಿಲ್ಲ. ಅಂಗೇ ಏಳಿ."

ಅಕ್ಕ ಕೂರಲಿಲ್ಲ. ಅಧ್ಯಕ್ಷರು ಮೈಕನ್ನು ಮತ್ತೆ ಬಾಯಿಯ ಹತ್ತಿರ ತಂದು, "ನಮ್ಮ ಅಸಿಸ್ಟೆಂಟ್ ಕೋಚ್ ಆಗಿದ್ದ..." ಎಂದು ಮೊದಲಿನಿಂದ ಶುರುಮಾಡಿದರು.