ಸಾಂಬ್ರಾಣಿ ಹಾಕಿ ಬೇಯಿಸಿದ ಸಾರು

ಪಕ್ಕದ ಫ್ಲ್ಯಾಟಿನವರು ಸಾಂಬ್ರಾಣಿ ಹಾಕಿದರೆ ನನಗೆ ದೇವರು ನೆನಪಾಗುವುದಿಲ್ಲ. ಮಟನ್ ಸಾರು ನೆನಪಾಗಿ ಬಾಯಲ್ಲಿ ನೀರೂರುತ್ತದೆ. ಹೀಗೆ ಹೇಳಿದರೆ ನೀವು ಮೂಗು ಮುರಿಯಬಹುದು. ಮುರಿಯಿರಿ, ಬೇಡ ಎನ್ನುವುದಿಲ್ಲ. ಆದರೆ ಇದು ನನ್ನ ನಾಲಿಗೆಯ ತಪ್ಪಲ್ಲ, ಜಯನಗರದ ತಪ್ಪು.

ನಾನು ಹುಟ್ಟಿದ್ದು ಜಯನಗರದ ಮಗ್ಗುಲಲ್ಲೇ ಇರುವ ಸಿದ್ದಾಪುರದಲ್ಲಿ. ಅಲ್ಲಿ ಭಾನುವಾರ ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎಂಬುದು ಇಡೀ ಬೀದಿಗೆ ಗೊತ್ತಿರುತ್ತಿತ್ತು. ವಾಸನೆ ಬರದ ಮನೆಗೇ ಹೋಗಿ “ಯಾಕೆ, ಹುಷಾರಿಲ್ವಾ?” ಎಂದು ವಿಚಾರಿಸುತ್ತಿದ್ದರು. ನನ್ನನ್ನು ಒಳ್ಳೆಯ ಸ್ಕೂಲಿಗೆ ಸೇರಿಸುವ ಆಸೆಯಿಂದ ಅಪ್ಪ ಜಯನಗರದಲ್ಲಿ ಬಾಡಿಗೆ ಮನೆ ಹಿಡಿದರು. ಕೆಳಗೆ ನಾವು, ಮಹಡಿಯಲ್ಲಿ ಓನರಮ್ಮ. ಆಕೆ ನಮ್ಮನ್ನು ಕೇಳಿದ ಮೊದಲ ಪ್ರಶ್ನೆ, “ನೀವು ನಾನ್‌ವೆಜ್ಜಾ?” ಅಪ್ಪ ತಡವರಿಸದೆ ಹೇಳಿದರು: “ತಿಂತೀವಿ ಮೇಡಂ, ಆದ್ರೆ ಮನೇಲಿ ಮಾಡಲ್ಲ.” ಈ ಮಾತನ್ನು ಹೇಳುವವರೂ ನಂಬುವುದಿಲ್ಲ, ಕೇಳುವವರೂ ನಂಬುವುದಿಲ್ಲ. ಆದರೂ ಈ ಊರಿನಲ್ಲಿ ಎಷ್ಟೋ ಸಂಸಾರಗಳಿಗೆ ಸೂರು ಸಿಕ್ಕಿರುವುದು ಇದೊಂದೇ ಮಾತಿನಿಂದ.

ಮುಂದಿನದನ್ನು ನೀವು ಊಹಿಸಬಹುದು. ಭಾನುವಾರ ಬೆಳಗ್ಗೆ ಅಪ್ಪ ದಂಟಿನ ಸೊಪ್ಪಿನ ಅಡಿಯಲ್ಲಿ ಮಟನ್ ಇಟ್ಟುಕೊಂಡು ಬರುತ್ತಿದ್ದರು. ಅಮ್ಮ ಕಿಟಕಿಗಳನ್ನೆಲ್ಲ ಹಾಕಿ, ಕುಕ್ಕರ್ ಇಟ್ಟು, ಮನೆ ತುಂಬ ಸಾಂಬ್ರಾಣಿ ಹೊಗೆ ಎಬ್ಬಿಸುತ್ತಿದ್ದಳು. ಆ ಹೊಗೆಯಲ್ಲಿ ಕೆಮ್ಮುತ್ತಾ ಕಣ್ಣೊರೆಸಿಕೊಳ್ಳುತ್ತಾ ಊಟ ಮಾಡುತ್ತಿದ್ದೆವು. ತಿಂದ ಮೂಳೆಗಳು ಸೋಮವಾರ ಅಪ್ಪನ ಸ್ಕೂಟರಿನ ಡಿಕ್ಕಿಯಲ್ಲಿ ಕೂತು ಆಫೀಸಿನ ಕಡೆಗೆ ಹೊರಡುತ್ತಿದ್ದವು. ದಾರಿಯಲ್ಲಿ ವಿಲ್ಸನ್ ಗಾರ್ಡನ್ನಿನ ಬೀದಿನಾಯಿಗಳು ಅಪ್ಪನಿಗಾಗಿ ಕಾಯುತ್ತಿದ್ದವಂತೆ. ಕಳ್ಳಸಾಗಣೆ ಮಾಡುವವರೂ ಇಷ್ಟು ಅಚ್ಚುಕಟ್ಟಾಗಿ ಮಾಡುವುದಿಲ್ಲ.

ಒಂದು ಭಾನುವಾರ ಓನರಮ್ಮ ಮೆಟ್ಟಿಲಿಳಿದು ಬಂದರು. ಒಳಗೆ ಕುಕ್ಕರ್ ಕೂಗುತ್ತಿತ್ತು. ಅಮ್ಮನ ಮುಖದಲ್ಲಿ ರಕ್ತವೇ ಇರಲಿಲ್ಲ. “ನಿಮ್ಮಷ್ಟು ಆಚಾರವಂತರನ್ನ ನಾನು ನೋಡಿಲ್ಲ ಕಣ್ರೀ,” ಎಂದರು ಓನರಮ್ಮ. “ಪ್ರತಿ ವಾರ ಏನು ಧೂಪ, ಏನು ಪೂಜೆ! ನಮಗೂ ಒಂಚೂರು ಪ್ರಸಾದ ಕೊಡಬಾರ್ದಾ?”

ಅಂದಿನಿಂದ ಪ್ರತಿ ಭಾನುವಾರ ನಮ್ಮ ಒಲೆಯ ಒಂದು ಉರಿಯಲ್ಲಿ ಮಟನ್, ಇನ್ನೊಂದರಲ್ಲಿ ಸಜ್ಜಿಗೆ. ಅಮ್ಮ ಕೈಕಾಲು ತೊಳೆದು, ಸಜ್ಜಿಗೆಯ ಬಟ್ಟಲ ಮೇಲೆ ತುಳಸಿ ಇಟ್ಟು ಮಹಡಿಗೆ ಹೋಗುತ್ತಿದ್ದಳು. ಓನರಮ್ಮ ಕಣ್ಣಿಗೊತ್ತಿಕೊಂಡು ತಿನ್ನುತ್ತಿದ್ದರು. ಆಕೆಗೆ ನಿಜ ಗೊತ್ತಿರಲಿಲ್ಲವೇ? ಮೂಗಿತ್ತಲ್ಲ, ಗೊತ್ತಿದ್ದೇ ಇರುತ್ತದೆ. ಗೊತ್ತಿದ್ದೂ ಸುಮ್ಮನಿದ್ದರಲ್ಲ, ದೊಡ್ಡ ಮನಸ್ಸು ಎಂದು ನನ್ನ ಗಂಡ ಹೇಳುತ್ತಾನೆ. ನನ್ನ ಗಂಡನಿಗೆ ಎಲ್ಲರಲ್ಲೂ ದೊಡ್ಡ ಮನಸ್ಸು ಕಾಣುತ್ತದೆ. ನನಗೆ ಕಾಣುವುದು, ಒಬ್ಬ ಹೆಂಗಸನ್ನು ವಾರವಾರವೂ ಹೆದರಿಸಿ, ಮೇಲೆ ಸಜ್ಜಿಗೆಯನ್ನೂ ಮಾಡಿಸಿಕೊಂಡು ತಿಂದ ಇನ್ನೊಬ್ಬ ಹೆಂಗಸು.

ಅಪ್ಪ ಈಗಿಲ್ಲ. ಅಮ್ಮ ಜೆ.ಪಿ. ನಗರದ ನಮ್ಮ ಫ್ಲ್ಯಾಟಿನಲ್ಲಿ ನಮ್ಮ ಜೊತೆಗೇ ಇದ್ದಾಳೆ. ಸ್ವಂತ ಫ್ಲ್ಯಾಟು, ಮೇಲೆ ಯಾವ ಓನರಮ್ಮನೂ ಇಲ್ಲ. ಆದರೂ ಮಟನ್ ತಂದ ದಿನ ಅಮ್ಮ ಮೊದಲು ಹೋಗುವುದು ಕಿಟಕಿಯ ಹತ್ತಿರ. ಕುಕ್ಕರಿನಲ್ಲಿ ಗಡಿಬಿಡಿಯಿಂದ ಬೇಯಿಸಿ, ಅರ್ಧ ಬೆಂದದ್ದನ್ನೇ ಬಡಿಸುತ್ತಾಳೆ. “ಅಮ್ಮ, ಇದು ನಮ್ಮ ಮನೆ,” ಎಂದು ನಾನು ರೇಗಿದರೆ, “ಮನೆ ನಮ್ದೇ ಕಣೆ, ವಾಸನೆ ಆಚೆ ಹೋಗ್ತದಲ್ಲ,” ಎನ್ನುತ್ತಾಳೆ. ಬದುಕಿರುವಾಗಲೇ ಈಕೆ ಒಂದು ಸಲವಾದರೂ ಹೆದರದೆ ಅಡಿಗೆ ಮಾಡಲಿ ಎನ್ನುವುದು ನನ್ನ ಆಸೆ. ಇದಕ್ಕಿಂತ ದೊಡ್ಡ ಆಸೆಗಳೆಲ್ಲ ನನ್ನ ಗಂಡನವು.

ಅವನ ಆಸೆಯಂತೆ ಮೊನ್ನೆ ರಜೆಯಲ್ಲಿ ಎಲ್ಲರೂ ಹೈದರಾಬಾದಿಗೆ ಹೋದೆವು. ನೋಡಬೇಕಾದ್ದನ್ನೆಲ್ಲ ಅವನು ಫೋನಿನಲ್ಲಿ ತುಂಬಿಕೊಂಡ, ಕಣ್ಣಿನಿಂದ ನೋಡಲು ಅವನಿಗೆ ಪುರುಸೊತ್ತಾಗಲಿಲ್ಲ. ಹಳೇ ಪೇಟೆಯ ಗಲ್ಲಿಯೊಂದರಲ್ಲಿ ರಸ್ತೆಯ ಪಕ್ಕದಲ್ಲೇ ಕೆಂಡದ ಮೇಲೆ ದೊಡ್ಡ ಹಂಡೆಯಲ್ಲಿ ಕುರಿಮಾಂಸ ಬೇಯುತ್ತಿತ್ತು. ಅಡಿಗೆಯವನು ಪಕ್ಕದಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಅಮ್ಮ ಅಲ್ಲಿಂದ ಕದಲಲಿಲ್ಲ.

“ಈ ಅಡಿಗೆಮನೆಗೆ ಬಾಗಿಲೇ ಇಲ್ಲ ನೋಡೇ,” ಎಂದಳು. “ಇವ್ನನ್ನ ಯಾರೂ ಏನೂ ಕೇಳಲ್ವಾ?”

ಯಾರೂ ಕೇಳುತ್ತಿರಲಿಲ್ಲ. ಕೇಳುವವರೆಲ್ಲ ತಟ್ಟೆ ಹಿಡಿದು ನಿಂತಿದ್ದರು.

ಊರಿಗೆ ಬಂದ ಮೇಲೆ ಭಾನುವಾರ ಅಮ್ಮ ಕುಕ್ಕರ್ ಮುಟ್ಟಲಿಲ್ಲ. ಎಳೆ ಕುರಿಯ ಮಾಂಸವನ್ನು ಮೊಸರು, ಅರಿಶಿನ ಹಚ್ಚಿ ನೆನೆಯಿಟ್ಟಳು. ದಪ್ಪ ತಳದ ಪಾತ್ರೆಯಲ್ಲಿ ಈರುಳ್ಳಿಯನ್ನು ಕೆಂಪಗೆ ಹುರಿದು, ಮಸಾಲೆ ಹಾಕಿ, ಮಾಂಸ ಸೇರಿಸಿ, ಮುಚ್ಚಳದ ಸುತ್ತ ಮೈದಾ ಹಿಟ್ಟು ಮೆತ್ತಿ ಸಣ್ಣ ಉರಿಯಲ್ಲಿಟ್ಟಳು. ಕಿಟಕಿ ತೆರೆದೇ ಇತ್ತು. ನಾನು ಅದನ್ನು ಗಮನಿಸಿದೆ, ಆದರೆ ಬಾಯಿಬಿಟ್ಟರೆ ಅವಳಿಗೆ ನೆನಪಾದೀತೆಂದು ತೆಪ್ಪಗಿದ್ದೆ.

ಹಿಟ್ಟಿನ ಸಂದಿನಿಂದ ಘಮ ಹೊರಟಿತು. ಅದರ ಹಿಂದೆಯೇ ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗುಂಪಿಗೆ ಮೆಸೇಜು ಬಂತು: “ಯಾರದೋ ಮನೆಯಿಂದ ಸ್ಟ್ರಾಂಗ್ ಸ್ಮೆಲ್. ದಯವಿಟ್ಟು ಬೇರೆಯವರ ಭಾವನೆಗಳನ್ನು ಗೌರವಿಸಿ.” ಕೊನೆಯಲ್ಲಿ ಮೂರು ಜೊತೆ ಮುಗಿದ ಕೈಗಳು. ಬರೆದ ಮಹನೀಯರ ಮನೆಗೆ ಶನಿವಾರ ರಾತ್ರಿ ಬರುವ ಬಿರಿಯಾನಿ ಪೊಟ್ಟಣಗಳನ್ನು ನಾನು ಲಿಫ್ಟಿನಲ್ಲಿ ಎಷ್ಟೋ ಸಲ ನೋಡಿದ್ದೇನೆ. ಅವರ ಭಾವನೆಗಳು ಭಾನುವಾರ ಮಾತ್ರ ಎಚ್ಚರವಾಗುತ್ತವೆ. ಇವರೂ ಅದೇ ಪಾಠ ಕಲಿತವರು: ತಿಂತೀವಿ, ಆದ್ರೆ ಮನೇಲಿ ಮಾಡಲ್ಲ.

ಬಾಗಿಲ ಬೆಲ್ ಆಯಿತು. ಸಂಘದ ಸೆಕ್ರೆಟರಿ. ರಿಟೈರಾದವರು, ಮೃದು ಮಾತಿನವರು. ಇಂಥ ಕೆಲಸಕ್ಕೆ ಯಾವಾಗಲೂ ಮೃದು ಮಾತಿನವರನ್ನೇ ಕಳಿಸುತ್ತಾರೆ. ನಾನು ಕಾನೂನು, ಹಕ್ಕು ಎಂದು ಒಂದು ಭಾಷಣವನ್ನೇ ಹೊಂದಿಸಿಕೊಂಡು ಏಳುವಷ್ಟರಲ್ಲಿ ಅಮ್ಮ ಬಾಗಿಲು ತೆಗೆದಿದ್ದಳು.

“ಏನಿಲ್ಲ ಅಮ್ಮ, ಕಿಟಕಿ ಒಂಚೂರು ಹಾಕ್ಕೊಂಡ್ರೆ ಚೆನ್ನಾಗಿತ್ತು. ಎಷ್ಟೊತ್ತಿಗೆ ಮುಗಿಯುತ್ತೆ?”

ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಲೇ ಇದ್ದಳು. ಒರೆಸಿದ ಕೈಯನ್ನೇ ಮತ್ತೆ ಒರೆಸಿದಳು. ಮುಗಿಯಿತು, ಈಗ ಕಿಟಕಿ ಹಾಕಿ ಒಲೆ ಆರಿಸುತ್ತಾಳೆ ಎಂದುಕೊಂಡೆ.

“ಇನ್ನೂ ಎರಡು ಗಂಟೆ ಬೇಕು ಸಾರ್,” ಎಂದಳು. “ಎಳೇದು, ಆದ್ರೂ ಅವಸರ ಮಾಡಿದ್ರೆ ಹಾಳಾಗ್ತದೆ. ಕಿಟಕಿ ಹಾಕಿದ್ರೆ ನಂಗೆ ಸೆಕೆ ಆಗ್ತದೆ.”

ಸೆಕ್ರೆಟರಿ ಇನ್ನೊಂದು ಮಾತಿಗಾಗಿ, ಬಹುಶಃ ‘ಸಾರಿ’ ಎಂಬ ಮಾತಿಗಾಗಿ, ಕಾದರು. ಅದು ಬರಲಿಲ್ಲ. ಅವರು ಲಿಫ್ಟಿನ ಕಡೆ ಹೋದರು, ಅಮ್ಮ ಒಲೆಯ ಕಡೆ ಹೋದಳು. ಮುಂಬಾಗಿಲು ಹಾರು ಹೊಡೆದೇ ಇತ್ತು. ಘಮವೆಲ್ಲ ಕಾರಿಡಾರಿಗೆ ನುಗ್ಗುತ್ತಿತ್ತು. ಭಾಷಣ ಹೊಂದಿಸಿಕೊಂಡಿದ್ದ ನಾನು ಮಾಡಿದ್ದೇನು ಗೊತ್ತೇ? ಸದ್ದಾಗದಂತೆ ಹೋಗಿ ಬಾಗಿಲು ಮುಚ್ಚಲು ಚಿಲಕಕ್ಕೆ ಕೈ ಹಾಕಿದೆ.

“ಇರ್ಲಿ ಬಿಡೇ,” ಎಂದಳು ಅಮ್ಮ ಒಳಗಿನಿಂದ. “ಗಾಳಿ ಆಡ್ಲಿ.”